ದೀಪ ಹಿಡಿದ ಹೆಂಗಸು ಎಲ್ಲಿಗೆ ಹೊರಟಳು?

(ಸವಳಂಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಜನಪದ, ನಾಡು–ನುಡಿ ಎಂದು ಕೇಳಿ ನಿಮಗೆ ರೂಢಿ. ಇವತ್ತಿನ ವಿಷಯ ಅವುಗಳ ಪಕ್ಕದಲ್ಲಿ ಸಣ್ಣದಾಗಿ ಕಾಣಬಹುದು: ಮಕ್ಕಳ ಮುಂದೆ ಒಂದು ಚಿತ್ರ ಇಟ್ಟು ಅವರಿಂದ ಕಥೆ ಬರೆಸುವುದು ಹೇಗೆ? ಈ ವಿಷಯವನ್ನು ಕೇಳಿಯೇ ಆರಿಸಿಕೊಂಡಿದ್ದೇನೆ. ಕಥೆ ಬರೆಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಚಿತ್ರ ಬರೆಸುವವರೂ ಇದ್ದಾರೆ. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದಕ್ಕೂ ಚಿತ್ರಕ್ಕೂ ಬೇರೆ ಬೇರೆ ಬಹುಮಾನ ಇದೆ. ಆದರೆ ಚಿತ್ರವೊಂದನ್ನು ನೆಟ್ಟಗೆ ಹತ್ತು ನಿಮಿಷ ನೋಡುವುದನ್ನು ಕಲಿಸುವ ಪೀರಿಯಡ್ಡು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಮಕ್ಕಳ ಕಥೆ ಸೊರಗುವುದು ಅಲ್ಲೇ ಎಂಬುದು ನನ್ನ ಅನಿಸಿಕೆ. ಭಾಷೆ ಸಾಲದೆ ಸೊರಗಿದ ಕಥೆಗಳನ್ನು ನಾನು ಕಂಡದ್ದು ಕಡಿಮೆ, ನೋಟ ಸಾಲದೆ ಸೊರಗಿದವನ್ನು ಕಂಡದ್ದೇ ಹೆಚ್ಚು.

'ಚಿತ್ರ ನೋಡಿ ಐದು ವಾಕ್ಯ ಬರೆಯಿರಿ' ಎಂಬ ಪ್ರಶ್ನೆ ನಮಗೆಲ್ಲ ಗೊತ್ತು. ಜಾತ್ರೆಯ ಚಿತ್ರ ಕೊಟ್ಟಿರುತ್ತಾರೆ. ಮಗು ಬರೆಯುತ್ತದೆ: ಇದು ಜಾತ್ರೆಯ ಚಿತ್ರ. ಇಲ್ಲಿ ತೇರು ಇದೆ. ಬಲೂನು ಮಾರುವವನು ಇದ್ದಾನೆ. ಜನರು ಸಂತೋಷದಿಂದ ಇದ್ದಾರೆ. ನನಗೆ ಜಾತ್ರೆ ಎಂದರೆ ಇಷ್ಟ. ಐದಕ್ಕೆ ಐದು ಅಂಕ, ತಪ್ಪೇನಿಲ್ಲ. ಆದರೆ ಆರನೆಯ ವಾಕ್ಯ ಬರೆಯಬೇಕೆಂಬ ಆಸೆ ಯಾವ ಮಗುವಿಗೂ ಹುಟ್ಟುವುದಿಲ್ಲ. ಅದು ಮಗುವಿನ ಸೋಮಾರಿತನ ಎಂದು ನಾನು ಹೇಳಲಾರೆ. ಆ ಚಿತ್ರವನ್ನು ಬರೆಸಿದ್ದೇ ಪಟ್ಟಿ ಮಾಡಿಸುವುದಕ್ಕೆ. ಅದರಲ್ಲಿ ಸಂಶಯಕ್ಕೆ ಜಾಗ ಬಿಟ್ಟಿರುವುದಿಲ್ಲ. ಬಲೂನಿನವನ ಮುಖದಲ್ಲಿ ಎಲ್ಲರ ಮುಖದಲ್ಲಿರುವ ಅದೇ ನಗು. ವ್ಯಾಪಾರ ಆಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ತೇರಿನ ಗಾಲಿಗೆ ಸನ್ನೆ ಕೊಡುವವರು ಕಾಣುವುದಿಲ್ಲ. ಕಳೆದುಹೋದ ಮಗು ಒಂದೂ ಇಲ್ಲ. ನಮ್ಮ ಕಡೆಯ ಯಾವ ಜಾತ್ರೆ ಹಾಗಿರುತ್ತದೆ ಹೇಳಿ?

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ–ಕಲಿ ಶುರುವಾದ ಮೇಲೆ ಸಣ್ಣ ತರಗತಿಗಳಿಗೆ ಚಿತ್ರ ಬಂತು, ಕಾರ್ಡು ಬಂತು, ಗೋಡೆಗೆ ಬಣ್ಣ ಬಂತು. ಒಳ್ಳೆಯದೇ ಆಯಿತು. ಆದರೂ ನಮ್ಮ ಶಾಲೆಯ ಚಿತ್ರ ಬಹುಪಾಲು ಅಕ್ಷರಕ್ಕೆ ಆಳಾಗಿಯೇ ದುಡಿಯುತ್ತಿದೆ. 'ಆ' ಹೇಳಿಕೊಡಲು ಆನೆ, 'ಈ' ಹೇಳಿಕೊಡಲು ಈಶ. ಅಕ್ಷರ ಬಂದ ಮೇಲೆ ಆನೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. 1930ರಲ್ಲಿ ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ 'ಸಹಜ ಪಾಠ' ತಂದಾಗ ಅದಕ್ಕೆ ಚಿತ್ರ ಕೊಟ್ಟವರು ನಂದಲಾಲ ಬಸು. ಅಷ್ಟು ದೊಡ್ಡ ಕಲಾವಿದ ಬಾಲಬೋಧೆಗೆ ಕಪ್ಪು–ಬಿಳುಪಿನ ಚಿತ್ರ ಕೊರೆದುಕೊಟ್ಟದ್ದು, ಮಗುವಿನ ಕಣ್ಣಿಗೂ ಮರ್ಯಾದೆ ಸಲ್ಲಬೇಕು ಎಂಬ ತಿಳಿವಳಿಕೆಯಿಂದ. ನಮ್ಮಲ್ಲಿ 1936ರಲ್ಲಿ ಶಿವರಾಮ ಕಾರಂತರು 'ಬಾಲಪ್ರಪಂಚ' ಎಂಬ ಮಕ್ಕಳ ವಿಶ್ವಕೋಶ ತಂದರು. ಅದಕ್ಕಾಗಿ ಅವರು ಪಟ್ಟ ಪಾಡು ದೊಡ್ಡ ಕಥೆ. ಇವತ್ತು ಅದನ್ನು ಹಿಡಿದು ಹೊರಟರೆ ವಿಷಯಕ್ಕೆ ಬರುವುದು ಕಷ್ಟ.

ಹಾಗಾದರೆ ಎಂಥ ಚಿತ್ರ ಇಡಬೇಕು? ನಿಮ್ಮಲ್ಲಿ ಬಹಳ ಮಂದಿ ನೋಡಿರುವ ಚಿತ್ರದಿಂದಲೇ ಹೊರಡುತ್ತೇನೆ. ಶಾಲಾ ಪ್ರವಾಸದಲ್ಲಿ ಮೈಸೂರಿಗೆ ಹೋದವರು ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತಿರುತ್ತೀರಿ. ಮೇಷ್ಟ್ರು 'ಬೇಗ ಬೇಗ, ಝೂಗೆ ಹೋಗೋದಿದೆ' ಎಂದು ಅವಸರ ಮಾಡಿರುತ್ತಾರೆ. ಅದು ರವಿವರ್ಮನ ಚಿತ್ರ ಎಂದು ಇವತ್ತಿಗೂ ಹೇಳುವವರಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಹುಟ್ಟಿದ್ದು 1945–46ರ ಸುಮಾರಿಗೆ. ಬರೆದವರು ಸಾವಂತವಾಡಿ ಕಡೆಯ ಎಸ್.ಎಲ್. ಹಲ್ದಣಕರ್. ಎದುರಿಗೆ ನಿಂತವಳು ಅವರ ಮಗಳು ಗೀತಾ. ದೀಪಾವಳಿಯ ಹೊತ್ತಿನಲ್ಲಿ ಮಗಳು ದೀಪ ಹಿಡಿದು ನಿಂತದ್ದನ್ನು ಕಂಡು ಈ ಚಿತ್ರ ಹೊಳೆಯಿತಂತೆ. ಎಣ್ಣೆಬಣ್ಣದ್ದೆಂದು ನೋಡಿದವರೆಲ್ಲ ಅಂದುಕೊಳ್ಳುತ್ತಾರೆ, ಆದರೆ ಇದು ಜಲವರ್ಣ. ನೀರಿನ ಬಣ್ಣದಲ್ಲಿ ತಪ್ಪಿದರೆ ಒರೆಸಿ ತಿದ್ದುವ ಅನುಕೂಲ ಕಡಿಮೆ. ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಉಳಿಸಿಕೊಂಡು ಬರಬೇಕು. ಚಿತ್ರದಲ್ಲಿ ಇರುವುದಾದರೂ ಏನು? ಒಬ್ಬ ಹೆಂಗಸು, ಒಂದು ದೀಪ, ಅದು ಆರದಂತೆ ಅಡ್ಡ ಹಿಡಿದ ಅಂಗೈ, ಬೆರಳ ಸಂದಿನಲ್ಲಿ ಕೆಂಪಗೆ ಸೋರುವ ಬೆಳಕು, ಹಿಂದೆ ಅವಳ ನೆರಳು. ಅಷ್ಟೇ. ಮನೆ ಕಾಣುವುದಿಲ್ಲ, ಬಾಗಿಲು ಕಾಣುವುದಿಲ್ಲ, ಎದುರಿಗೆ ಯಾರಿದ್ದಾರೋ ತಿಳಿಯುವುದಿಲ್ಲ.

ಈ ಚಿತ್ರದ ಒಂದು ಒಳ್ಳೆಯ ಮುದ್ರಣವನ್ನು ಐದನೆಯ ತರಗತಿಯ ಮಕ್ಕಳ ಮುಂದೆ ಇಟ್ಟಾಗ ಆದದ್ದನ್ನು ಹೇಳುತ್ತೇನೆ. ಶಾಲೆ ಇಲ್ಲಿಂದ ಬಹಳ ದೂರದ್ದಲ್ಲ. ಪೆನ್ನು, ಪುಸ್ತಕ ಎರಡನ್ನೂ ಚೀಲದೊಳಗೆ ಇಡಿಸಿದ್ದೆವು. ಮೊದಲು ಬಂದ ಮಾತು ನಿರೀಕ್ಷಿಸಿದ್ದೇ: 'ಸಾರ್, ಲಕ್ಷ್ಮಿ.' ಆಮೇಲೆ 'ಭಾರತಮಾತೆ'. ನಮ್ಮ ಮಕ್ಕಳಿಗೆ ಚೆಂದದ ಹೆಂಗಸಿನ ಚಿತ್ರ ಅಂದರೆ ಕ್ಯಾಲೆಂಡರಿನ ದೇವರು. ಯಾಕೆ ಲಕ್ಷ್ಮಿ ಎಂದು ಕೇಳಿದರೆ ಉತ್ತರ ಇಲ್ಲ. ಕಮಲ ಇದೆಯಾ? ಇಲ್ಲ. ನಾಲ್ಕು ಕೈ? ಇಲ್ಲ. ಆಮೇಲೆ ಒಬ್ಬ ಹುಡುಗ ಎದ್ದು, 'ಕರೆಂಟ್ ಹೋಗೈತೆ ಸಾರ್' ಅಂದ. ತರಗತಿ ನಕ್ಕಿತು. ನಗುವುದಕ್ಕೆ ಏನಿತ್ತು? ಅವತ್ತಿನ ಮೊದಲ ನಿಜವಾದ ಮಾತು ಅದೇ. ಆಮೇಲೆ ಸರಪಳಿ ಬಿಚ್ಚಿಕೊಂಡಿತು. ಗಾಳಿ ಇದೆ, ಇಲ್ಲದಿದ್ದರೆ ಕೈ ಯಾಕೆ ಅಡ್ಡ ಹಿಡಿದಾಳು? ಗಾಳಿ ಇದೆ ಎಂದರೆ ಎಲ್ಲೋ ಬಾಗಿಲು ತೆರೆದಿದೆ. ರಾತ್ರಿ ಬಾಗಿಲು ತೆರೆದವರು ಯಾರು? ಒಳಗಿನವರೋ, ಹೊರಗಿನವರೋ? ಅವಳ ಸೀರೆ ಚೆನ್ನಾಗಿದೆ, ಹಾಗಾದರೆ ಮಲಗಿದ್ದವಳು ಎದ್ದು ಬಂದದ್ದಲ್ಲ. ಯಾರನ್ನೋ ಕಾಯುತ್ತಿದ್ದಳು. ಕೈ ಸುಡುತ್ತಿಲ್ಲವಾ? ಸುಡುತ್ತಿರಬೇಕು, ಆದರೆ ದೀಪ ಕೆಳಗೆ ಇಟ್ಟಿಲ್ಲ. ಯಾಕೆ?

ಆ ಕೊನೆಯ 'ಯಾಕೆ' ಬರುವ ತನಕ ಕಾಯಬೇಕು. ಅದು ಬಂದ ಮೇಲೆ ಪುಸ್ತಕ ತೆಗೆಯಿರಿ ಎಂದರೆ ಸಾಕು. ಅವತ್ತು ಬಂದ ಕಥೆಗಳಲ್ಲಿ ಒಂದರಲ್ಲಿ ಆಕೆ ಕೊಟ್ಟಿಗೆಗೆ ಹೊರಟಿದ್ದಳು, ಹಸು ಕರು ಹಾಕುವ ಹೊತ್ತಾಗಿತ್ತು. ಇನ್ನೊಂದರಲ್ಲಿ ಗಂಡ ರಾತ್ರಿ ಪಾಳಿಯಲ್ಲಿ ಮೆಕ್ಕೆಜೋಳಕ್ಕೆ ನೀರು ಕಟ್ಟಲು ಹೋದವನು ಬಂದಿರಲಿಲ್ಲ. ನಮ್ಮಲ್ಲಿ ತ್ರೀಫೇಸ್ ಕರೆಂಟು ರಾತ್ರಿ ಕೊಡುತ್ತಾರೆ ಎಂಬುದು ಹಲ್ದಣಕರ್ ಅವರಿಗೆ ಗೊತ್ತಿರಲಿಲ್ಲ, ಈ ಹುಡುಗನಿಗೆ ಗೊತ್ತಿತ್ತು. ಒಬ್ಬಳು ಮಾತ್ರ ಕಥೆಯನ್ನು ನೆರಳಿನ ಕಡೆಯಿಂದ ಬರೆದಳು: ದೀಪ ಆರಿದರೆ ತಾನು ಸಾಯುತ್ತೇನೆಂದು ನೆರಳಿಗೆ ಭಯ, ಅದಕ್ಕೇ ಅದು ಅವಳಿಗೆ 'ಕೈ ಅಡ್ಡ ಹಿಡಿ, ಕೈ ಅಡ್ಡ ಹಿಡಿ' ಎಂದು ಹಿಂದಿನಿಂದ ಹೇಳುತ್ತಿದೆ. ಕಾಗುಣಿತ ನೋಡಿದ್ದರೆ ಆ ಕಥೆ ಪಾಸಾಗುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಚಿತ್ರದ ಇತಿಹಾಸ ಹೇಳಿರಲಿಲ್ಲ. ಕಥೆಗಳೆಲ್ಲ ಮುಗಿದ ಮೇಲೆ ಹೇಳಿದೆವು: ಬರೆದವರು ಇವರು, ನಿಂತವಳು ಅವರ ಮಗಳು, ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಮೊದಲೇ ಹೇಳಿದ್ದರೆ ಎಲ್ಲರೂ ಚಿತ್ರಕಾರ ಮತ್ತು ಅವನ ಒಳ್ಳೆಯ ಮಗಳ ಕಥೆ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮಾಹಿತಿ ಕೊಡಬೇಕು, ತಡವಾಗಿ ಕೊಡಬೇಕು. ತಮ್ಮ ಕಥೆ ಬರೆದಾದ ಮಕ್ಕಳು ಆ ಮಾಹಿತಿಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಇದು ನಾನೊಬ್ಬನೇ ಕಂಡುಹಿಡಿದದ್ದಲ್ಲ. ಅಬಿಗೇಲ್ ಹೌಸೆನ್ ಎಂಬ ಸಂಶೋಧಕಿ, ನ್ಯೂಯಾರ್ಕಿನ ಕಲಾ ಮ್ಯೂಸಿಯಂ ಒಂದರಲ್ಲಿ ಶಿಕ್ಷಣ ವಿಭಾಗ ನೋಡಿಕೊಂಡಿದ್ದ ಫಿಲಿಪ್ ಯೆನವೈನ್ ಸೇರಿ ಚಿತ್ರದ ಮುಂದೆ ಮಕ್ಕಳಿಗೆ ಕೇಳಲು ಮೂರೇ ಪ್ರಶ್ನೆ ಇಟ್ಟುಕೊಂಡರು. ಚಿತ್ರದಲ್ಲಿ ಏನು ನಡೀತಿದೆ? ಹಾಗನ್ನೋದಕ್ಕೆ ಅಲ್ಲಿ ಏನು ಕಂಡಿರಿ? ಇನ್ನೂ ಏನೇನಿದೆ? ನೋಡಲು ಬಹಳ ಸಾದಾ. ತರಗತಿಯಲ್ಲಿ ಮಾಡಿ ನೋಡಿದರೆ ತಿಳಿಯುತ್ತದೆ, ಮೇಷ್ಟ್ರಿಗೆ ಕಷ್ಟವಾಗುವುದು ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ಕೇಳದೆ ಬಾಯಿ ಮುಚ್ಚಿಕೊಂಡಿರುವುದು. ಆ ನಾಲ್ಕನೆಯದು ಯಾವುದೆಂದು ನಿಮಗೂ ಗೊತ್ತು: ಈ ಚಿತ್ರದಿಂದ ನಾವು ಕಲಿಯಬೇಕಾದ ನೀತಿ ಏನು? ದಯವಿಟ್ಟು ಅದನ್ನು ಕೇಳಬೇಡಿ. ನೀತಿ ಕೇಳಿದ ಕೂಡಲೇ ಐದನೆಯ ತರಗತಿಯ ಮಗು ಐವತ್ತು ವರ್ಷದ ಮುದುಕನಾಗಿ ಮಾತಾಡಲು ಶುರು ಮಾಡುತ್ತದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿ 1995ರಿಂದ ಪ್ರತಿ ವರ್ಷ ತನ್ನಲ್ಲಿರುವ ಒಂದೇ ಒಂದು ಚಿತ್ರವನ್ನು ಆರಿಸಿ ಪ್ರಾಥಮಿಕ ಶಾಲೆಗಳಿಗೆ ಕೊಡುತ್ತದೆ. ಶಾಲೆಗಳು ಅದರ ಸುತ್ತ ಕಥೆ, ಗಣಿತ, ವಿಜ್ಞಾನ ಏನು ಬೇಕಾದರೂ ಕಟ್ಟಬಹುದು. ಇಡೀ ವರ್ಷಕ್ಕೆ ಒಂದು ಚಿತ್ರ! ನಾವು ಒಂದು ಪೀರಿಯಡ್ಡಿಗೆ ಹತ್ತು ಚಿತ್ರ ಸ್ಮಾರ್ಟ್‌ಬೋರ್ಡಿನ ಮೇಲೆ ಓಡಿಸುತ್ತೇವೆ. ಅಮೆರಿಕದ ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1984ರಲ್ಲಿ ತಂದ 'ದಿ ಮಿಸ್ಟರೀಸ್ ಆಫ್ ಹ್ಯಾರಿಸ್ ಬರ್ಡಿಕ್' ಪುಸ್ತಕ ಇನ್ನೂ ತಮಾಷೆಯದು. ಬರ್ಡಿಕ್ ಎಂಬಾತ ಒಬ್ಬ ಪ್ರಕಾಶಕನ ಹತ್ತಿರ 14 ಚಿತ್ರ ಬಿಟ್ಟು, ಕಥೆ ನಾಳೆ ತರುತ್ತೇನೆ ಎಂದು ಹೋದವನು ಬರಲೇ ಇಲ್ಲ ಎಂಬುದು ಕಟ್ಟುಕಥೆ. ಪುಸ್ತಕದಲ್ಲಿ ಚಿತ್ರ ಇದೆ, ಒಂದು ಹೆಸರಿದೆ, ಒಂದೊಂದು ಸಾಲಿದೆ, ಕಥೆ ಇಲ್ಲ. ಅಲ್ಲಿನ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಮಕ್ಕಳು ಅದನ್ನು ತುಂಬುತ್ತ ಬಂದಿದ್ದಾರೆ. ಸ್ಟೀಫನ್ ಕಿಂಗ್‌ನಂಥ ದೊಡ್ಡ ಲೇಖಕನೂ ಅದರಲ್ಲೊಂದು ಚಿತ್ರಕ್ಕೆ ಕಥೆ ಬರೆದ. ನಮ್ಮಲ್ಲೂ ಇದಕ್ಕೆ ಹತ್ತಿರದ ರೂಢಿ ಇತ್ತು. 'ಚಂದಮಾಮ'ದಲ್ಲಿ ಎರಡು ಫೋಟೋ ಹಾಕಿ ಜೋಡಿ ಶೀರ್ಷಿಕೆ ಕಳಿಸಿ ಎನ್ನುತ್ತಿದ್ದರು, ನೆನಪಿದೆಯೇ? ಅಂಚೆ ಕಾರ್ಡು ಹಿಡಿದು ಕೂತವರು ಈ ಸಭೆಯಲ್ಲೂ ಇರಬೇಕು. ಅದೇ ಪತ್ರಿಕೆಯಲ್ಲಿ ಶಂಕರ್ ಬರೆದ, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನು ಕಥೆ ಓದುವುದಕ್ಕೆ ಮೊದಲೇ ಎಷ್ಟು ಹೊತ್ತು ನೋಡಿಲ್ಲ ನಾವು! ಈಗ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಸಾವಿರಾರು ಚಿತ್ರಗಳಿವೆ. ಯಾರು ಬೇಕಾದರೂ ಅವನ್ನು ಪುಕ್ಕಟೆ ತೆಗೆದು, ಕನ್ನಡದಲ್ಲೇ ಹೊಸ ಕಥೆ ಕಟ್ಟಬಹುದು. ಶಿಕ್ಷಕರು ಬೆಳಗಿನ ಶುಭೋದಯದ ಗುಲಾಬಿಗಳಿಗೆ ವ್ಯಯಿಸುವ ಡೇಟಾದಲ್ಲಿ ಕಾಲುಭಾಗ ಸಾಕು.

ಇಷ್ಟು ಹೇಳಿದ ಮೇಲೆ, ಚಿತ್ರಕ್ಕಾಗಿ ಮೈಸೂರಿಗೋ ಲಂಡನ್ನಿಗೋ ಕೈ ಚಾಚಬೇಕಾಗಿಲ್ಲ ಎಂಬ ಮಾತಿಗೆ ಬರುತ್ತೇನೆ. ನಾವು ಕುಳಿತಿರುವ ಊರು ವಿಚಿತ್ರವಾದ ಅಂಚಿನಲ್ಲಿದೆ. ಒಂದು ಕಡೆ ಶಿಕಾರಿಪುರ, ಸೊರಬದ ಮಲೆನಾಡು ಕೈಗೆಟುಕುವಷ್ಟು ಹತ್ತಿರ, ಇನ್ನೊಂದು ಕಡೆ ಹೊನ್ನಾಳಿಯ ಬಯಲು. 1997ರಲ್ಲಿ ಶಿವಮೊಗ್ಗ ಜಿಲ್ಲೆ ಒಡೆದು ನಾವು ದಾವಣಗೆರೆಯವರಾದೆವು, ಆಮೇಲೆ ನ್ಯಾಮತಿ ತಾಲ್ಲೂಕಿನವರೂ ಆದೆವು. ಕಾಲಿಗೆ ಪೆಟ್ಟಾದರೆ ಇವತ್ತಿಗೂ ಶಿವಮೊಗ್ಗದ ಬಸ್ಸೇ ಹತ್ತುತ್ತೇವೆ, ಅದು ಬೇರೆ ಮಾತು. ಈ ಅಂಚಿನ ನೆಲದಲ್ಲಿ ಚಿತ್ರ ಮೂರು ಬಗೆಯಲ್ಲಿ ಬಿದ್ದಿದೆ. ಅದರಲ್ಲಿ ಒಂದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಬಹಳ ಇಷ್ಟವಾದದ್ದು ಅದೇ.

ವೀರಗಲ್ಲು. ಹೊನ್ನಾಳಿ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಬೆಳಗುತ್ತಿಯ ಸಿಂದರು ಆಳಿದ ಸೀಮೆ ಇದು. ನಮ್ಮ ಕಡೆ ಈಶ್ವರನ ಗುಡಿಯ ಬಳಿ, ಕೆರೆ ಏರಿಯ ಮೇಲೆ, ಬೇಲಿಯ ಮೂಲೆಯಲ್ಲಿ ಇಂಥ ಕಲ್ಲು ನಿಂತಿರುತ್ತದೆ. ಕೆಲವಕ್ಕೆ ಸುಣ್ಣ, ಕೆಲವಕ್ಕೆ ಎನಾಮಲ್ ಪೇಂಟು ಬಳಿದು ದೇವರು ಮಾಡಿದ್ದೇವೆ. ಇದು ಬಣ್ಣದ ಚಿತ್ರ ಅಲ್ಲ ನಿಜ, ಆದರೆ ಮಕ್ಕಳಿಗೆ ಕಥೆ ಕಲಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಸಾಮಾನ್ಯವಾಗಿ ಮೂರು ಪಟ್ಟಿಕೆ, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ತುರುಗೊಳ್ಳುವಿಕೆಯ ಕಲ್ಲಾದರೆ ಒಂದು ಪಕ್ಕ ಹಸುಗಳ ಸಾಲು. ನಡುವೆ ಸತ್ತ ವೀರನನ್ನು ಅಪ್ಸರೆಯರು ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಲಿಂಗ, ನಂದಿ, ಪೂಜಾರಿ, ಕೈಮುಗಿದು ಕೂತ ವೀರ, ಮೇಲೆ ಸೂರ್ಯ ಚಂದ್ರ. ಒಂದೇ ಮನುಷ್ಯ ಒಂದೇ ಕಲ್ಲಿನಲ್ಲಿ ಮೂರು ಸಲ ಇದ್ದಾನೆ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುವುದಿಲ್ಲ. ಅದು ತಿಳಿದ ಕ್ಷಣದಲ್ಲಿ ಅವರಿಗೆ ಕಾಲ ಎಂಬುದು ಕೈಗೆ ಸಿಗುತ್ತದೆ: ಮೊದಲು, ಆಮೇಲೆ, ಅದರ ಆಮೇಲೆ. ಕಥೆಗೆ ಇನ್ನೇನು ಬೇಕು?

ಒಬ್ಬ ಹುಡುಗ ಕಲ್ಲನ್ನು ಕೈಯಿಂದ ಸವರುತ್ತ ಕೇಳಿದ, 'ಕೆಳಗೆ ಕತ್ತಿ ಐತೆ, ಮೇಲೆ ಇಲ್ಲ. ಎಲ್ಲಿ ಬಿದ್ದೋಯ್ತು?' ಅಷ್ಟು ವರ್ಷ ಆ ಕಲ್ಲಿನ ಮುಂದೆ ಓಡಾಡಿದ ಊರಿನ ಹಿರಿಯರು, ಪಂಡಿತರು, ನಾನೂ ಸೇರಿ ಯಾರೂ ಕೇಳದ ಪ್ರಶ್ನೆ. ಅವನ ಕಥೆಯಲ್ಲಿ ಕತ್ತಿ ನಡುದಾರಿಯಲ್ಲಿ ಅಪ್ಸರೆಯ ಕೈ ಜಾರಿ ಒಬ್ಬ ರೈತನ ಹೊಲಕ್ಕೆ ಬೀಳುತ್ತದೆ. ರೈತ ಅದನ್ನು ಕುಲುಮೆಗೆ ಕೊಟ್ಟು ಕುಳ ಮಾಡಿಸುತ್ತಾನೆ. ಮೇಲೆ ಹೋದ ವೀರ ಕತ್ತಿ ಕೊಡು ಎಂದು ಪ್ರತಿ ಮಳೆಗಾಲ ಗುಡುಗುತ್ತಾನೆ. ಇನ್ನೊಬ್ಬಳು ಹಸುಗಳ ಕಡೆಯಿಂದ ಬರೆದಳು. ಹಸುಗಳಿಗೆ ಯಾರು ಗೆದ್ದರೆಂದು ಗೊತ್ತಿಲ್ಲ. ಹಾಲು ಕರೆಯುವ ಹೊತ್ತಾಯಿತು, ಕೆಚ್ಚಲು ನೋಯುತ್ತಿತ್ತು, ಗಂಡಸರು ಹೊಡೆದಾಡಿಕೊಳ್ಳಲಿ ಎಂದು ಅವು ತಾವಾಗಿ ಊರ ದಾರಿ ಹಿಡಿದವು. ಕೊಟ್ಟಿಗೆ ಕೆಲಸ ಮಾಡುವ ಹುಡುಗಿ ಎಂದು ಆ ಒಂದು ಕೆಚ್ಚಲ ಮಾತಿನಿಂದಲೇ ತಿಳಿಯಿತು.

ಇಲ್ಲೊಂದು ಕಠಿಣ ಜಾಗವೂ ಇದೆ, ಅದರಿಂದ ನುಣುಚಿಕೊಂಡು ಹೋಗಲಾರೆ. ವೀರಗಲ್ಲಿನ ಪಕ್ಕದಲ್ಲಿ ಕೆಲವೊಮ್ಮೆ ಮಾಸ್ತಿಕಲ್ಲು ಇರುತ್ತದೆ. ಒಂದು ಕಂಬ, ಅದರಿಂದ ಹೊರಟ ಒಂದು ತೋಳು, ತೋಳಿನ ತುಂಬ ಬಳೆ. 'ಇದು ಯಾರ ಕೈ, ಉಳಿದ ಮೈ ಎಲ್ಲಿ?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 'ಪತಿವ್ರತೆ' ಎಂದು ಹೇಳಿ ಕೈಮುಗಿಸುವುದು ಸುಲಭ, ಏನೂ ಹೇಳದೆ ಮುಂದಕ್ಕೆ ಕರೆದುಕೊಂಡು ಹೋಗುವುದು ಇನ್ನೂ ಸುಲಭ. ಎರಡೂ ಸರಿಯಲ್ಲ. ಗಂಡ ಸತ್ತಾಗ ಹೆಂಡತಿಯೂ ಬೆಂಕಿಗೆ ಬಿದ್ದು ಸಾಯುವ ರೂಢಿ ಇತ್ತು, ಅದಕ್ಕೆ ಕಲ್ಲು ನೆಟ್ಟರು, ಈಗ ಅದು ಕಾನೂನಿಗೆ ವಿರುದ್ಧ ಎಂದು ಹೇಳಿ ಸುಮ್ಮನಾಗಬೇಕು. ಏಳನೆಯ ತರಗತಿಗಿಂತ ಸಣ್ಣವರಿಗೆ ಈ ಕಲ್ಲನ್ನು ಬರೆಯಲು ಕೊಡಬಾರದು ಎಂದು ನನ್ನ ಮತ. ದೊಡ್ಡವರಿಗೆ ಕೊಟ್ಟರೆ, ಹೆಣ್ಣುಮಕ್ಕಳು ಬರೆಯುವುದನ್ನು ಗಂಡುಮಕ್ಕಳು ಕೇಳುವಂತೆ ಓದಿಸಬೇಕು.

ಎರಡನೆಯದು ಹಸೆ ಚಿತ್ತಾರ. ಸಾಗರ, ಸೊರಬದ ದೀವರ ಮನೆಗಳ ಕೆಮ್ಮಣ್ಣಿನ ಗೋಡೆಯ ಮೇಲೆ ಹೆಂಗಸರು ಬರೆಯುತ್ತ ಬಂದದ್ದು. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಮದುವೆಗೆ ಗೋಡೆ, ಭೂಮಿ ಹುಣ್ಣಿಮೆಗೆ ಬುಟ್ಟಿ. ಆ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಬಸುರಿ ಗದ್ದೆಗೆ ಬಯಕೆಯ ಊಟ ಬಡಿಸಲು ಹೋಗುತ್ತಾರೆ. ಇದರಲ್ಲಿ ಗೆರೆಯೇ ಹೆಚ್ಚು, ಮನುಷ್ಯರು ಕಡ್ಡಿಯಷ್ಟು ಸಣ್ಣಗೆ. ಮುಖಭಾವ ಇಲ್ಲದ್ದರಿಂದ 'ಅವಳು ದುಃಖದಲ್ಲಿದ್ದಾಳೆ' ಎಂಬಂಥ ವಾಕ್ಯಗಳಿಗೆ ಆಸ್ಪದ ಇಲ್ಲ. ಮಕ್ಕಳು ದಾರಿ ಹುಡುಕುತ್ತಾರೆ, ಬಾಗಿಲು ಹುಡುಕುತ್ತಾರೆ, ಗೆರೆಯೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತರುತ್ತಾರೆ. ಸಾಹಸದ ಕಥೆ ಬೇಕೆಂದರೆ ಚಿತ್ತಾರ ಇಡಿ.

ಮೂರನೆಯದು ನಮ್ಮ ತಾಲ್ಲೂಕಿನದೇ. ಸೂರಗೊಂಡನಕೊಪ್ಪ, ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ಮೂಲೆಮೂಲೆಯ ಬಂಜಾರರು ಫೆಬ್ರವರಿಯಲ್ಲಿ ಬಂದು ಸೇರುವ ಜಾಗ. ಸುತ್ತ ಎಷ್ಟು ತಾಂಡಾ! ಲಂಬಾಣಿ ಕಸೂತಿ ಎಂದರೆ ಈಗ ಸಂಡೂರಿನ ಹೆಸರು ಹೇಳುತ್ತಾರೆ, ಅಲ್ಲಿಯದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ಕನ್ನಡಿ ಕೂರಿಸಿದ ಹಳೆಯ ಲಂಗ, ಅವರು ಫೇಟಿಯ ಎನ್ನುವುದು, ನಮ್ಮ ತಾಂಡಾಗಳ ಅಜ್ಜಿಯರ ಟ್ರಂಕಿನಲ್ಲೂ ಇದೆ. ಒಂದನ್ನು ಕೇಳಿ ತಂದು ತರಗತಿಯ ಹಗ್ಗಕ್ಕೆ ಹಾಕಿ ನೋಡಿ. ಒಬ್ಬ ತಾಂಡಾದ ಹುಡುಗನ ಕಥೆಯಲ್ಲಿ ಒಂದೊಂದು ಕನ್ನಡಿಯೊಳಗೂ ಒಬ್ಬೊಬ್ಬರು ಕೂತಿದ್ದರು. ಅಜ್ಜಿ ಫೇಟಿಯ ಒಗೆಯಲು ಕೆರೆಗೆ ಹೊರಟರೆ ಎಲ್ಲರೂ 'ನಮಗೆ ಈಜು ಬರೋದಿಲ್ಲ' ಎಂದು ಕೂಗುತ್ತಿದ್ದರು. ಆ ಹುಡುಗ ಅದುವರೆಗೆ ತರಗತಿಯಲ್ಲಿ ತುಟಿ ಬಿಚ್ಚಿದವನಲ್ಲ. ಮನೆಯಲ್ಲಿ ಗೋರ್ ಬೋಲಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ನಡುವೆ ಅವನು. ಅವತ್ತು ಕಥೆಯನ್ನು ಮೊದಲು ತನ್ನ ಭಾಷೆಯಲ್ಲಿ ಪಕ್ಕದ ಹುಡುಗನಿಗೆ ಹೇಳಿದ, ಇಬ್ಬರೂ ಸೇರಿ ಕನ್ನಡಕ್ಕೆ ತಂದರು. ನ್ಯಾಮತಿ, ಶಿಕಾರಿಪುರ, ಚನ್ನಗಿರಿ ಕಡೆಯ ಶಾಲೆಗಳಲ್ಲಿ ಇಂಥ ಮಕ್ಕಳು ಬೆಂಚಿಗೊಬ್ಬರು ಇರುತ್ತಾರೆ. ಚಿತ್ರ ಇರುವಾಗ ಅವರಿಗೆ ಒಂದು ಅನುಕೂಲ ಇದೆ: ಎಲ್ಲರಿಗೂ ಕಾಣುವುದನ್ನು ತೋರಿಸಿ ಮಾತು ಶುರು ಮಾಡಬಹುದು, ಪದ ಆಮೇಲೆ ಬಂದರೂ ನಡೆಯುತ್ತದೆ. ಬರೀ 'ಪ್ರವಾಸದ ಅನುಭವ ಬರೆಯಿರಿ' ಎಂದರೆ ಪ್ರವಾಸಕ್ಕೆ ದುಡ್ಡು ಕಟ್ಟಲಾಗದೆ ಉಳಿದ ಮಗು ಏನು ಬರೆಯಬೇಕು?

ಇನ್ನು ಕೆಂಪು ಪೆನ್ನಿನ ವಿಚಾರ. ಮೊದಲ ಪ್ರತಿಯ ಮೇಲೆ ಕೆಂಪು ಪೆನ್ನು ಓಡಿಸಬೇಡಿ ಎಂದರೆ ಶಿಕ್ಷಕರು ನನ್ನ ಮೇಲೆ ಮುನಿಯುತ್ತಾರೆ. ಕಾಗುಣಿತ ಬೇಡ ಎಂದು ನಾನು ಹೇಳುತ್ತಿಲ್ಲ. ಕಥೆಯನ್ನು ಮಗುವೇ ಚಿತ್ರದ ಪಕ್ಕ ನಿಂತು ಗಟ್ಟಿಯಾಗಿ ಓದಲಿ. ಓದುವಾಗ ಎಲ್ಲಿ ತಡವರಿಸಿತೋ ಅಲ್ಲಿ ತಾನೇ ಗುರುತು ಹಾಕಿಕೊಳ್ಳುತ್ತದೆ. ಕೇಳುವ ಮಕ್ಕಳು ಬಿಡುವುದೂ ಇಲ್ಲ: 'ಏ, ದೀಪ ಆರಿಹೋತು ಅಂದೆ, ಆಮೇಲೆ ಮುಖ ಹೆಂಗ್ ಕಾಣ್ತು?' ಇಂಥ ಪ್ರಶ್ನೆ ಮಾಡುವ ತಿದ್ದುಪಡಿಯನ್ನು ಯಾವ ಮೌಲ್ಯಮಾಪಕನೂ ಮಾಡಲಾರ. ಕಾಗುಣಿತವನ್ನು ಎರಡನೆಯ ಪ್ರತಿಯಲ್ಲಿ ನೋಡೋಣ. ಸಂಭಾಷಣೆಯಲ್ಲಿ ಬಂದ ಆಡುಮಾತನ್ನು ಮಾತ್ರ ಗ್ರಂಥಸ್ಥ ಮಾಡಲು ಹೋಗಬಾರದು. ವೀರಗಲ್ಲಿನ ಹಸು ಪಠ್ಯಪುಸ್ತಕದ ಹಾಗೆ ಮಾತಾಡಿದರೆ ಯಾರು ನಂಬುತ್ತಾರೆ?

ಸ್ಪರ್ಧೆಯ ಬಗ್ಗೆಯೂ ಒಂದು ಮಾತು. ದತ್ತಿ ಎಂದಾಕ್ಷಣ ನಮಗೆ ಹೊಳೆಯುವುದು ಪ್ರಥಮ, ದ್ವಿತೀಯ, ತೃತೀಯ, ಸಮಾಧಾನಕರ. ಬಹುಮಾನ ಇಟ್ಟರೆ ಮುಂದಿನ ವರ್ಷ ಎಲ್ಲ ಕಥೆಯೂ ಬಹುಮಾನ ಬಂದ ಕಥೆಯ ಅಚ್ಚಿನಲ್ಲಿ ಬರುತ್ತದೆ, ಮನೆಯಲ್ಲಿ ಅಪ್ಪ ಅಮ್ಮ ಬರೆದುಕೊಟ್ಟದ್ದೂ ಬರುತ್ತದೆ. ಈ ದತ್ತಿಯ ಕುಟುಂಬದವರು ಬೇಸರಿಸದಿದ್ದರೆ ನನ್ನ ಸಲಹೆ ಬೇರೆ. ಬಡ್ಡಿಯ ಹಣದಲ್ಲಿ ತಿಂಗಳಿಗೊಂದರಂತೆ ದೊಡ್ಡ ಅಳತೆಯ ಒಳ್ಳೆಯ ಮುದ್ರಣ ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ಶಾಲೆಯಿಂದ ಶಾಲೆಗೆ ಕಳಿಸಬಹುದು. ಕೆ.ಕೆ. ಹೆಬ್ಬಾರರದೊಂದು ಇರಲಿ. ಸ್ವಾತಂತ್ರ್ಯ ಹೋರಾಟದಿಂದ ಬಂದು ಬೆಂಗಳೂರಿನ ಹೂವಿನ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರದೊಂದು ಇರಲಿ. ಮನುಷ್ಯರೇ ಕಾಣದ ಆ ಮರಗಳ ಕೆಳಗೆ ಕಥೆ ಹುಡುಕುವುದು ಎಂಟನೆಯ ತರಗತಿಯವರಿಗೆ ಒಳ್ಳೆಯ ಪರೀಕ್ಷೆ. ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಕಾಲೇಜಿದೆ. ಅಲ್ಲಿ ಕಲಿತವರು ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದಾರೆ. ಪರೀಕ್ಷೆ ಹತ್ತಿರ ಬಂದಾಗ ಅವರ ಪೀರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳುವುದು ತಪ್ಪಿಸಿದರೆ ಅವರೇ ಚಿತ್ರ ಆರಿಸಿಕೊಡುತ್ತಾರೆ. ಜಗಳೂರು ಕಡೆಯ ಶಾಲೆಗಳಿಗೆ ರಂಗಯ್ಯನದುರ್ಗದ ಕೊಂಡುಕುರಿ ಸಿಗುತ್ತದೆ. ನಾಲ್ಕು ಕೊಂಬಿನ ಆ ಪ್ರಾಣಿಯ ಒಂದು ಒಳ್ಳೆಯ ಚಿತ್ರವನ್ನು ಯಾರಾದರೂ ಬರೆದುಕೊಟ್ಟರೆ ಅಲ್ಲಿಯ ಮಕ್ಕಳು ಎರಡು ಕೊಂಬು ಹೆಚ್ಚಿಗೆ ಯಾಕೆ ಬಂತೆಂದು ವರ್ಷಪೂರ್ತಿ ಬರೆದಾರು.

ಬರೆದ ಕಥೆಗಳನ್ನು ಚಿತ್ರದ ಹಿಂದೆ ಒಂದು ಲಕೋಟೆಯಲ್ಲಿ ಹಾಕಿ ಮುಂದಿನ ಶಾಲೆಗೆ ಕಳಿಸಬೇಕು. ಆದರೆ ಆ ಶಾಲೆಯ ಮಕ್ಕಳು ತಮ್ಮ ಕಥೆ ಬರೆಯುವ ಮೊದಲು ಲಕೋಟೆ ಒಡೆಯಬಾರದು. ಆಮೇಲೆ ಓದಿಕೊಳ್ಳಲಿ, ಅದೇ ಹೆಂಗಸನ್ನು ಬೆಳಗುತ್ತಿಯವರು ಎಲ್ಲಿಗೆ ಕಳಿಸಿದರು, ಚೀಲೂರಿನವರು ಎಲ್ಲಿಗೆ ಕಳಿಸಿದರು ಎಂದು. ಯಾರದು ಸರಿ ಎಂಬ ಜಗಳ ಬಂದರೆ ಶಿಕ್ಷಕರು ತೀರ್ಪು ಕೊಡುವುದು ಬೇಡ, 'ಚಿತ್ರದಲ್ಲಿ ತೋರಿಸು' ಎಂದರೆ ಸಾಕು. ವೀರಗಲ್ಲಿನದು ಮಾತ್ರ ಕಳಿಸುವ ಚಿತ್ರ ಅಲ್ಲ, ಅದಿರುವಲ್ಲಿಗೇ ಹೋಗಬೇಕು. ಹೋಗುವಾಗ ಸೀಮೆಸುಣ್ಣದಿಂದ ಗೆರೆ ತಿದ್ದುವುದು, ಎಣ್ಣೆ ಸುರಿಯುವುದು ಬೇಡ. ಒಂದು ಕೊಡ ನೀರು, ಮೆತ್ತನೆಯ ಬಟ್ಟೆ ಸಾಕು. ಬೆಳಿಗ್ಗೆ ಅಥವಾ ಸಂಜೆ ಓರೆಬಿಸಿಲಿನಲ್ಲಿ ಹೋದರೆ ಕೆತ್ತನೆ ಎದ್ದು ಕಾಣುತ್ತದೆ, ಮಧ್ಯಾಹ್ನ ಹೋದರೆ ಬರೀ ಕಲ್ಲು.

ಶುರು ಮಾಡಲು ಜೂನ್ ಬೇಡ. ಆ ತಿಂಗಳು ದಾಖಲಾತಿ, ಸಮವಸ್ತ್ರ, ಪುಸ್ತಕದ ಗಲಾಟೆಯಲ್ಲಿ ಶಿಕ್ಷಕರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಜುಲೈನಲ್ಲಿ ಮಳೆ ಹಿಡಿದು ಆಟದ ಬಯಲು ಕೆಸರಾದ ಶನಿವಾರಗಳಲ್ಲಿ ಒಂದೂವರೆ ಗಂಟೆ ಸುಲಭವಾಗಿ ಸಿಗುತ್ತದೆ. ದೀಪದ ಹೆಂಗಸಿನ ಒಂದು ಮುದ್ರಣವನ್ನು ಇವತ್ತು ಜೊತೆಗೇ ತಂದಿದ್ದೇನೆ. ಮೊದಲು ಯಾವ ಶಾಲೆಯವರು ಒಯ್ಯುತ್ತೀರಿ ಎಂದು ಚಹಾದ ಹೊತ್ತಿನಲ್ಲಿ ಹೇಳಿ.